ಅವನಿಗೆ ಉಸಿರು ಕಟ್ಟಿರಲಿಲ್ಲ

ಬಸಣ್ಣ, ನಿಮ್ಮ ತಮ್ಮ ಅವತ್ತು ಚೆನ್ನಾಗಿ ಹಾಡಿದ್ದ. ವೇದಿಕೆಯ ಮೇಲೆ ಅವನಿಗೆ ಉಸಿರು ಕಟ್ಟಿರಲಿಲ್ಲ. ಕಟ್ಟಿತು ಎಂದು ನಾನು ನಿಮಗೆ ಹೇಳಿದ್ದು ಸುಳ್ಳು — ತಿಳಿಯದೆ ಆಡಿದ ಮಾತಲ್ಲ, ಅವಸರದ ಅಭಿಪ್ರಾಯವೂ ಅಲ್ಲ. ಗೊತ್ತಿದ್ದೂ ಹೇಳಿದ ಸುಳ್ಳು.

ಮುಂದೆ ಬರೆಯುವುದರಲ್ಲಿ ಬಹಳಷ್ಟು ನಿಮಗೆ ಗೊತ್ತಿರುವುದೇ. ನೀವು ಅಲ್ಲೇ, ನನ್ನ ಪಕ್ಕದ ಕುರ್ಚಿಯಲ್ಲೇ ಇದ್ದಿರಿ. ಆದರೂ ಮೊದಲಿನಿಂದ ಹೇಳಬೇಕಾಗಿದೆ. ಯಾಕೆಂದರೆ ಆ ಮಧ್ಯಾಹ್ನದ ಬಗ್ಗೆ ನಿಮಗೆ ಈಗ ಇರುವ ನೆನಪು ನಿಮ್ಮದಲ್ಲ. ಕಳೆದ ಭಾನುವಾರ ಕಾಪೆಲ್ಲೆಯ ನಿಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ, ಊರಿಂದ ಹೊಸದಾಗಿ ಬಂದ ನಿಮ್ಮ ಆಫೀಸಿನ ಹುಡುಗರಿಗೆ ಹೇಳಿದಿರಿ: “ನಮ್ಮ ವಿನೂನೂ ಇಲ್ಲಿಯವರ ಆಪೆರಾ ಹಾಡ್ತಿದ್ದ. ಆದ್ರ ಪಾಪ, ಸ್ಟೇಜಿನ ಮ್ಯಾಲ ಉಸಿರು ಕಟ್ಟಿಬಿಡ್ತು. ಮಂದಿ ನಕ್ಕರು. ನನಗ ನೋಡಾಕ ಆಗಲಿಲ್ಲ.”

ನೋಡಲಿಕ್ಕೆ ಆಗಲಿಲ್ಲವೇ? ಬಸಣ್ಣ, ನೀವು ಕುರ್ಚಿಯ ತುದಿಗೆ ಬಂದು ಕೂತು ನೋಡಿದಿರಿ. ಆದರೆ ಭಾನುವಾರ ನೀವು ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ಹಾಗೇ ನಡೆಯಿತೆಂದು ನಂಬಿದ್ದಿರಿ. ನನ್ನ ವಾದ ನಿಮ್ಮ ನೆನಪಾಗಿ ಕೂತುಬಿಟ್ಟಿತ್ತು. ಆಮೇಲೆ ನನ್ನ ಕಡೆ ತಿರುಗಿ, “ಇಕಿ ಒಬ್ಬಾಕಿ ಖರೇ ಹೇಳಿದಳು ನೋಡ್ರಿ ಅವತ್ತ” ಎಂದು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಿರಿ. ಅದನ್ನು ತಿಂದೆ. ಪೂರ್ತಿ ತಿಂದೆ.

ನಾನು ಎಂಥವಳೆಂದು ನಿಮಗೆ ಗೊತ್ತು, ‘ವಕೀಲಮ್ಮ’ ಎಂದು ಹೆಸರಿಟ್ಟವರೇ ನೀವು. ಮೈಸೂರಿನ ಕಾಲೇಜಿನಲ್ಲಿ ನಾಲ್ಕು ವರ್ಷ ಚರ್ಚಾಸ್ಪರ್ಧೆ ಬಿಟ್ಟು ಬೇರೇನೂ ಕಲಿಯಲಿಲ್ಲ. ಚೀಟಿ ಎತ್ತಿದಾಗ ಯಾವ ಪಕ್ಷ ಬಂದರೂ ಅದನ್ನೇ ನನ್ನ ಪ್ರಾಣ ಎಂಬಂತೆ ವಾದಿಸುವುದು, ಎದುರಾಳಿಯ ಬಲವಾದ ಮಾತನ್ನೇ ತಿರುಗಿಸಿ ಅವನಿಗೇ ಹೊಡೆಯುವುದು — ಇದು ನನ್ನ ವಿದ್ಯೆ. ಈಗಲೂ ಹೊಟ್ಟೆಪಾಡು ಅದೇ. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ದೇವರು, ಜ್ಯೋತಿಷ, ದೇಶಭಕ್ತಿ, ಕಲೆ — ಯಾವುದನ್ನೂ ಪುರಾವೆ ಇಲ್ಲದೆ ಒಪ್ಪದ ಹುಡುಗಿ ಎಂದು ಹೆಸರು ಮಾಡಿಕೊಂಡಿದ್ದೆ. ಹೆಸರು ಚೆನ್ನಾಗಿಯೇ ಕೆಲಸಕ್ಕೆ ಬಂತು.

ನಿಮ್ಮ ತಮ್ಮ ವಿನಾಯಕ ಈ ಡಚ್ಚರ ನಾಡಿಗೆ ಬಂದದ್ದು ಎಂಜಿನಿಯರಿಂಗ್ ಓದಲು, ನಿಮ್ಮ ಭರವಸೆಯ ಮೇಲೆ. ಓದು ಮುಗಿಸಿದ, ಆದರೆ ಅಷ್ಟರಲ್ಲಿ ಯಾರೋ ಡಚ್ ಮೇಷ್ಟ್ರು ಅವನ ದನಿ ಕೇಳಿ ಸಂಗೀತಶಾಲೆಗೆ ಎಳೆದುಕೊಂಡಿದ್ದರು. ಬ್ಯಾರಿಟೋನ್ ಅಂತೆ — ತೀರಾ ಮೇಲಕ್ಕೂ ಹಾರದ, ತೀರಾ ಪಾತಾಳಕ್ಕೂ ಇಳಿಯದ, ಮಾತಾಡುವ ಗಂಡಸಿನ ದನಿಗೆ ಹತ್ತಿರದ್ದು. ನಾನು ಬಿಡುತ್ತೇನೆಯೇ? “ಯಾರಿಗೂ ಅರ್ಥವಾಗದ ಭಾಷೇಲಿ, ಸಾಯೋಕೆ ಅರ್ಧ ಗಂಟೆ ತಗೊಳ್ಳೋ ಜನ. ದುಡ್ಡಿರೋರ ಮ್ಯೂಸಿಯಂ ಕಣೋ ಅದು. ನೀನು ಅದರಲ್ಲಿ ಒಂದು ಗೊಂಬೆ” ಎಂದಿದ್ದೆ. ಅವನು ಸಿಟ್ಟಾಗಲಿಲ್ಲ. “ನಾ ಸಾಯೂದಿಲ್ಲ, ನಗಸ್ತೀನಿ. ಬಾ. ನಗದ ಕುಂತು ತೋರಸು, ನೀ ಹೇಳಿದ್ದೆಲ್ಲಾ ಒಪ್ಕೋತೀನಿ” ಎಂದ. ಪಂದ್ಯ ಒಪ್ಪಿಕೊಂಡೆ.

ಅವನು ಹಾಡಲಿದ್ದ ಹಾಡಿನ ಗುಟ್ಟು ನನಗೆ ಮೊದಲೇ ಗೊತ್ತಿತ್ತು — ಇದನ್ನು ಬಿಡದೆ ಕೇಳಿ, ಬಸಣ್ಣ. ಅವನ ಕೋಣೆಯ ಅಕ್ಕಪಕ್ಕದವರು ಗದ್ದಲವೆಂದು ದೂರುತ್ತಿದ್ದರೆಂದು ಡೀಮೆನ್‌ನ ನನ್ನ ಫ್ಲಾಟಿನ ಅಡುಗೆಮನೆಯಲ್ಲೇ ಅಭ್ಯಾಸ ಮಾಡುತ್ತಿದ್ದ. ಕಥೆ ಇಷ್ಟೇ: ಹೊಟ್ಟೆ ಬಂದ ಮುದಿ ಸಾಹುಕಾರ ಹೆಣ್ಣು ಕೇಳಲು ಹೊರಟಿದ್ದಾನೆ. ಹರೆಯದವನಂತೆ ಕಾಣಬೇಕೆಂದು ತಮ್ಮನ ಮಗನ ಬಿಗಿ ಕೋಟು ತೊಟ್ಟಿದ್ದಾನೆ. ಹೊಟ್ಟೆ ಒಳಗೆಳೆದುಕೊಂಡರೆ ಗುಂಡಿ ನಿಲ್ಲುತ್ತದೆ, ಆದರೆ ಹಾಡಲು ಉಸಿರಿಲ್ಲ. ಉಸಿರು ತೆಗೆದುಕೊಂಡರೆ ಹಾಡು ಬರುತ್ತದೆ, ಆದರೆ ಗುಂಡಿ ಹರಿಯುತ್ತದೆ. “ಏದುಸಿರು ಬಿಡೂದು ಮುಖದಾಗ, ಹೆಗಲಿನಾಗ. ಖರೇ ಉಸಿರು ಇಲ್ಲಿರತೈತಿ. ಕೈ ಇಟ್ಟು ನೋಡು” ಎಂದು ಬೆನ್ನು ತಿರುಗಿಸಿ ನಿಂತಿದ್ದ. ಪಕ್ಕೆಲುಬಿನ ಹಿಂದೆ ಅಂಗೈ ಇಟ್ಟೆ. ಮುಂದೆ ಅವನು ನೀರಿಂದ ತೆಗೆದ ಮೀನಿನ ಹಾಗೆ ಬಾಯಿ ಬಿಡುತ್ತಿದ್ದ. ಹಿಂದೆ ನನ್ನ ಅಂಗೈಯಡಿ ಬೆನ್ನು ತುಂಬಿ, ಹಿಗ್ಗಿ, ಅಲುಗದೆ ನಿಂತಿತ್ತು. “ಛಲೋ ಹಾಡೂದು ಕಲೀಬಹುದು. ಕೆಟ್ಟದಾಗಿ ಹಾಡೋ ಮನಷ್ಯಾನ ಛಲೋ ಹಾಡೂದು ಐತಲ್ಲ, ಅದು ಕಷ್ಟ” ಎಂದ.

ಹಾಗಾಗಿ ನನಗೆ ತಿಳಿದಿರಲಿಲ್ಲ ಎಂಬ ಬಾಗಿಲು ಮುಚ್ಚಿದೆ. ನಾನೇ ಮುಚ್ಚುತ್ತಿದ್ದೇನೆ.

ಆ ದಿನ ನೀವು ಕಾಪೆಲ್ಲೆಯಿಂದ ಕಾರಿನಲ್ಲಿ ಬಂದು ನನ್ನನ್ನು ಹತ್ತಿಸಿಕೊಂಡಿರಿ. ದಾರಿಯಲ್ಲಿ ಹೇಳಿದಿರಿ — ವಿನೂಗೆ ಇನ್ನೆರಡು ವರ್ಷ ಕಲಿಯಲು ಅದೇ ಶಾಲೆಯಲ್ಲಿ ಸೀಟು ಸಿಕ್ಕಿದೆ, ಈ ವಾರವೇ ಉತ್ತರ ಕೊಡಬೇಕು. ಖರ್ಚು ನಿಮ್ಮದು, ಆದ್ದರಿಂದ ಕೊನೆಯ ಮಾತೂ ನಿಮ್ಮದು. ಇನ್ನೂ ಒಂದು ಹೇಳಿದಿರಿ: “ಸಣ್ಣವಿದ್ದಾಗ ಇವಂಗ ದಮ್ಮಿತ್ತವಾ. ಎದಿ ಸುಂಯ್ ಸುಂಯ್ ಅಂತಿತ್ತು. ಹೊತ್ಕೊಂಡು ಡಾಕ್ಟರ್ ಕಡೆ ಓಡ್ತಿದ್ದೆ. ಇಂಥಾವ ಹಾಡ್ತಾನಂದ್ರ ನನಗ ಇನ್ನೂ ಅಂಜಿಕಿನ.” ನಾನು ಹೂಂಗುಟ್ಟಿದೆ. ಮನಸ್ಸಿನಲ್ಲೇ ಎತ್ತಿಟ್ಟುಕೊಂಡೆನೋ — ಆಗಲೇ ಎತ್ತಿಟ್ಟುಕೊಂಡೆನೋ ಏನೋ, ಗೊತ್ತಿಲ್ಲ. ನನ್ನ ತಲೆ ಏನನ್ನೂ ಬಿಸಾಡುವುದಿಲ್ಲ.

ಈಗ ನಿಮ್ಮ ಮಧ್ಯಾಹ್ನವನ್ನು ನಿಮಗೆ ಹಿಂದಿರುಗಿಸುತ್ತೇನೆ.

ಸಂಗೀತಶಾಲೆಯ ವೇದಿಕೆಗೆ ವಿನೂ ಪಕ್ಕಕ್ಕೆ ತಿರುಗಿ ನಡೆದು ಬಂದ, ಬಾಗಿಲಲ್ಲಿ ಸಿಕ್ಕಿಕೊಳ್ಳುವವನ ಹಾಗೆ. ಇಲ್ಲದ ಕನ್ನಡಿಯ ಮುಂದೆ ನಿಂತು ಹೊಟ್ಟೆ ಒಳಗೆಳೆದುಕೊಂಡ. ಎದೆ ಉಬ್ಬಿತು, ಕತ್ತು ಮಾಯವಾಯಿತು. ಇನ್ನೂ ಒಂದು ಸ್ವರ ಬಂದಿರಲಿಲ್ಲ, ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಬಂತು ದನಿ — ಸಣ್ಣಗೆ, ಹಲ್ಲಿನ ಸಂದಿಯಿಂದ ಕದ್ದು ಹೊರಬಂದಂತೆ. ತನ್ನ ಆಸ್ತಿ, ತನ್ನ ಹಲ್ಲು, ತನ್ನ ನಡಿಗೆ ಎಲ್ಲವನ್ನೂ ಹೊಗಳಿಕೊಳ್ಳುತ್ತಾನೆ. ಮಾತು ಓಡುತ್ತದೆ, ಇನ್ನೂ ಓಡುತ್ತದೆ, ಒಂದಕ್ಷರವೂ ಇನ್ನೊಂದರ ಕಾಲು ತುಳಿಯುವುದಿಲ್ಲ. ಉಸಿರು ಮುಗಿಯುತ್ತಾ ಬಂದಾಗ ಅವನ ಕಣ್ಣು ಮಾತ್ರ ಕೆಳಗಿಳಿದು ಗುಂಡಿಯನ್ನು ನೋಡುತ್ತದೆ. ಮುಖ ಕನ್ನಡಿಯ ಕಡೆ, ಕಣ್ಣು ಗುಂಡಿಯ ಕಡೆ. ಆಗ ನೀವು ನನ್ನ ತೋಳು ಹಿಡಿದು ಅಲ್ಲಾಡಿಸಿದಿರಿ: “ಹರೀತು, ಹರೀತು ನೋಡ! ಅಯ್ಯೋ ಈ ಮಗನ!” ಪರದೆಯ ಮೇಲೆ ಡಚ್ ಭಾಷೆಯಲ್ಲಿ ಅರ್ಥ ಬರುತ್ತಿತ್ತು, ನೀವು ಓದಿ ನನಗೆ ಹೇಳಲು ಹೋಗಿ ನಗುವಿನಲ್ಲಿ ಅರ್ಧಕ್ಕೇ ಬಿಡುತ್ತಿದ್ದಿರಿ. ನನಗೆ ಅರ್ಥ ಬೇಕೂ ಇರಲಿಲ್ಲ. ತುಟಿ ಕಚ್ಚಿ ಕೂತಿದ್ದೆ, ಪಂದ್ಯವಿತ್ತಲ್ಲ. ಅವನು ಕರ್ಚೀಫಿನಿಂದ ಬೆವರೊರೆಸುವ ನೆಪದಲ್ಲಿ ಒಂದೇ ಒಂದು ಗುಟುಕು ಗಾಳಿ ಕದ್ದ — ಅಷ್ಟಕ್ಕೆ ನಾನು ಸಿಡಿದೆ. ಮೂಗಿನಿಂದ, ಗಂಟಲಿನಿಂದ, ನಾಚಿಕೆಯಿಲ್ಲದೆ.

ಗುಂಡಿ ಹಾರಿತು. ಸಭೆ ಉರುಳಿತು. ಆದರೆ ನನ್ನನ್ನು ಸೋಲಿಸಿದ್ದು ಅದಲ್ಲ, ಅದರ ನಂತರದ್ದು. ಮುದುಕ ಹರಿದ ಕೋಟನ್ನು ನೋಡಿದ. ಹೊಟ್ಟೆಯನ್ನು ಮೆಲ್ಲಗೆ ಬಿಟ್ಟ, ದಣಿದವನು ಗಂಟು ಇಳಿಸುವ ಹಾಗೆ. ಮತ್ತೆ ಅದೇ ಮೊದಲ ಸಾಲನ್ನು ಹಾಡಿದ — ಈ ಸಲ ಕದ್ದ ದನಿಯಲ್ಲ, ತುಂಬಿದ ದನಿ. ಅಷ್ಟು ಹೊತ್ತು ಮುಚ್ಚಿಟ್ಟಿದ್ದ ಅಷ್ಟೂ ಉಸಿರನ್ನು ಒಂದೇ ಉದ್ದದ ಸ್ವರಕ್ಕೆ ಸುರಿದ. ‘ನಾನು ಇಷ್ಟೇ’ ಎನ್ನುವಂತಿತ್ತು. ನಗುತ್ತಿದ್ದವರ ನಗು ಬಾಯಲ್ಲೇ ನಿಂತಿತು. ನೀವು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಿರಿ. ಏದುಸಿರಿನವನಿಗೆ ಆ ಸ್ವರ ಸಾಧ್ಯವೇ, ಬಸಣ್ಣ? ಕೊನೆಯ ಪುರಾವೆ ಅದೇ ಆಗಿತ್ತು. ನಾನು ಪುರಾವೆಯ ಹುಡುಗಿ.

ಹೊರಗೆ ಕಾಫಿ ಕುಡಿಯುತ್ತಾ ನಿಂತಾಗ ಅವನು ಅರ್ಧ ಬಣ್ಣ ಒರೆಸಿಕೊಂಡು ಬಂದ. ನೀವು ಕೋಟು ತರಲು ಹೋಗಿದ್ದಿರಿ. ನಗುವಿಗೆ ಇನ್ನೂ ಒದ್ದೆಯಾಗಿದ್ದ ನನ್ನ ಕಣ್ಣು ನೋಡಿ, ಕಿವಿಯ ಹತ್ತಿರ ಬಗ್ಗಿ, “ಸೋತಿ” ಎಂದು ನಕ್ಕು ಹೋದ. ಅಷ್ಟೇ. ಗೆಳೆಯನ ಚೇಷ್ಟೆ. ಬೇರೆ ಯಾರಾದರೂ ಆಗಿದ್ದರೆ ಬೆನ್ನಿಗೊಂದು ಗುದ್ದಿ ಮರೆಯುತ್ತಿದ್ದರು. ನಾನು — ನಾನು ಅದನ್ನು ಕಾರಿನವರೆಗೆ ಹೊತ್ತುಕೊಂಡು ಬಂದೆ.

ಡೀಮೆನ್‌ನಲ್ಲಿ ನನ್ನ ಮನೆಯ ಕೆಳಗೆ ಕಾರು ನಿಲ್ಲಿಸಿ ನೀವು ಕೇಳಿದಿರಿ: “ತಂಗಿ, ನನಗ ಇದೆಲ್ಲಾ ತಿಳಿಯೂದಿಲ್ಲ. ನಗು ಬಂತು, ನಕ್ಕೆ. ಮುಂದ ಕಲಿಸೂದೋ ಬ್ಯಾಡೋ? ನೀ ಮುಲಾಜಿಲ್ದ ಹೇಳಾಕಿ. ಹೇಳು.”

ನಾನು ಹೇಳಿದೆ. “ಬೇಜಾರು ಮಾಡ್ಕೋಬೇಡಿ ಬಸಣ್ಣ. ನಾವು ನಕ್ಕಿದ್ದು ಆ ಮುದುಕನ್ನ ನೋಡಿ ಅಲ್ಲ, ವಿನೂನ ನೋಡಿ. ಅವನಿಗೆ ನಿಜವಾಗ್ಲೂ ಉಸಿರು ಸಾಲ್ಲಿಲ್ಲ. ಅದನ್ನ ಪಾರ್ಟು ಅಂದ್ಕೊಂಡು ಜನ ನಕ್ಕರು. ಪ್ರತಿ ಸಲಾನೂ ಅಂದ್ಕೊಳಲ್ಲ.”

ನೀವು ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡು, “ಆದ್ರ ಕಡೀಕ ಉದ್ದ ಎಳದನಲ್ಲ?” ಎಂದಿರಿ. ಒಳ್ಳೆಯ ಪ್ರಶ್ನೆ, ಅದಕ್ಕೆ ಉತ್ತರವೇ ಇಲ್ಲ. ನಾನು ಬೇರೆ ಕಡೆಯಿಂದ ಹೊಡೆದೆ. “ಅವನಿಗೆ ದಮ್ಮಿತ್ತು ಅಂದ್ರಲ್ಲ” ಎಂದೆ.

ನಿಮ್ಮ ಮುಖ ಇಳಿದದ್ದನ್ನು ನೋಡಿದೆ. ಈಗಷ್ಟೇ ನಕ್ಕ ನಗುವಿಗೆ ನೀವು ನಾಚಿಕೊಂಡದ್ದನ್ನು ನೋಡಿದೆ. ಗೆದ್ದಾಗ ಒಳಗೆ ಒಂದು ಸಣ್ಣ ತಂಪು ಆಗುತ್ತದೆ, ಬಸಣ್ಣ. ಅದೂ ಆಯಿತು.

ನನ್ನ ಪರವಾಗಿ ವಾದಗಳು ಬೇಕಾದಷ್ಟಿವೆ, ನಾನೇ ಮಾಡಿಕೊಂಡಿದ್ದೇನೆ. ನೀವು ಕೇಳಿದಿರಿ, ಹೇಳಿದೆ; ಅಭಿಪ್ರಾಯ ಅಪರಾಧವಲ್ಲ. — ಅದು ನನ್ನ ಅಭಿಪ್ರಾಯವಾಗಿರಲಿಲ್ಲ. ನಿರ್ಧಾರ ನಿಮ್ಮದು. — ನಿರ್ಧರಿಸಲು ನಿಮ್ಮ ಬಳಿ ಇದ್ದ ಒಂದೇ ಆಧಾರ ನಿಮ್ಮ ನಗು, ಅದನ್ನು ನಾನು ಕಸಿದುಕೊಂಡೆ. ಹೊಗಳಿಕೆಯಾಗಿದ್ದರೆ ನೀವು ಸ್ವಲ್ಪ ಅನುಮಾನಿಸುತ್ತಿದ್ದಿರಿ, ಗೆಳತಿಯಲ್ಲವೇ ಎಂದು. ಕಹಿ ಮಾತನ್ನು ಯಾರೂ ಅನುಮಾನಿಸುವುದಿಲ್ಲ. ಕಹಿಯಾಗಿದ್ದರೆ ಸಾಕು, ನಿಜವಿರಬೇಕು ಎಂದುಕೊಳ್ಳುತ್ತಾರೆ. ಈ ಲೆಕ್ಕ ನನಗೆ ಗೊತ್ತಿತ್ತು. ಸುಳ್ಳು ಹೇಳಲು ಯಾರೂ ಕಾವಲು ಕಾಯದ ದಾರಿ ಹಿಡಿದೆ.

ಆ ವಾರ ನೀವು ವಿನೂಗೆ ‘ಸಾಕು’ ಎಂದಿರಿ. ಕಾರಣ ಹೇಳಲಿಲ್ಲ, ಅವನ ಉಸಿರಿನ ಮಾತೆತ್ತಿದರೆ ನೊಂದುಕೊಳ್ಳುತ್ತಾನೆ ಎಂದು. ನನ್ನ ಹೆಸರನ್ನೂ ತರಲಿಲ್ಲ. ಈಗ ಮೂರು ವರ್ಷ. ಅವನು ಬಾಡ್‌ಹೂವೆಡಾರ್ಪ್‌ನಲ್ಲಿ ಕೋಣೆ ಮಾಡಿಕೊಂಡು ವಿಮಾನದ ಸರಕು ಸಾಗಿಸುವ ಕಂಪನಿಯಲ್ಲಿ ಶಿಫ್ಟು ಮಾಡುತ್ತಾನೆ. ಸ್ನಾನದ ಮನೆಯಲ್ಲೂ ಹಾಡುವುದಿಲ್ಲ. ದೀಪಾವಳಿಗೆ ನಿಮ್ಮ ಮನೆಗೆ ಬರುತ್ತಾನೆ, ಉಣ್ಣುತ್ತಾನೆ, ಕೈ ತೊಳೆದುಕೊಂಡು ಹೊರಡುತ್ತಾನೆ. ಸೋತ ನಾಚಿಕೆಗೆ ತಮ್ಮ ದೂರ ಸರಿದ ಎಂದು ನೀವು ತಿಳಿದಿದ್ದೀರಿ.

ಅದಲ್ಲ. ಇನ್ನೊಂದು ಉಳಿದಿದೆ, ಅದನ್ನೂ ಹೇಳಿಬಿಡುತ್ತೇನೆ.

ನೀವು ಬೇಡವೆಂದ ದಿನ ಅವನು ನನಗೆ ಫೋನ್ ಮಾಡಿದ್ದ. ಸೀಟಿನ ಮಾತೇ ಎತ್ತಲಿಲ್ಲ. “ಲೈಟು ಕಣ್ಣಿಗೆ ಹೊಡೀತಿತ್ತು, ಏನೂ ಕಾಣಲಿಲ್ಲ. ನೀ ಬಾಜೂಕ ಇದ್ದೆಲ್ಲ — ಅಣ್ಣ ನಕ್ಕನೇನು?” ಎಂದು ಕೇಳಿದ. ನಕ್ಕರು ಎಂದರೆ ಅವನು ನಿಮ್ಮ ಹತ್ತಿರ ಓಡಿಬರುತ್ತಾನೆ, ನಕ್ಕವನು ಬೇಡ ಯಾಕೆ ಅಂದೆ ಎಂದು ಕೇಳುತ್ತಾನೆ, ನನ್ನ ಮಾತು ಹೊರಬೀಳುತ್ತದೆ. ಒಂದು ಕ್ಷಣದಲ್ಲಿ ಇಷ್ಟೂ ಹೊಳೆಯಿತು. “ಇಲ್ಲ ಕಣೋ. ಸುಮ್ನೆ ಕೂತಿದ್ರು” ಎಂದೆ. “ನೀನರ ನಕ್ಕಿ. ಸಾಕು ಬಿಡು” ಎಂದ.

ಅಂದಿನಿಂದ ಅವನಿಗೆ ನೀವು, ತನ್ನ ಅತ್ಯುತ್ತಮವಾದದ್ದರ ಮುಂದೆ ಕಲ್ಲಿನಂತೆ ಕೂತ ಅಣ್ಣ. ನಾನು, ನಕ್ಕ ಗೆಳತಿ. ಎರಡೂ ಮನೆಯಲ್ಲಿ ನನಗೆ ತಟ್ಟೆ ಇಡುತ್ತಾರೆ.

ಹೋದ ಸೀಟು ಇದರಿಂದ ತಿರುಗಿ ಬರುವುದಿಲ್ಲ. ದನಿಗೂ ವಯಸ್ಸಿದೆ, ಮೂರು ವರ್ಷ ಮುಚ್ಚಿಟ್ಟದ್ದು ಹಾಗೇ ಉಳಿದಿರುತ್ತದೆಂದು ನಾನು ನಂಬುವುದಿಲ್ಲ. ಕ್ಷಮಿಸಿ ಎಂದು ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ, ನಿಮ್ಮ ಸ್ವಭಾವ ನನಗೆ ಗೊತ್ತು, ಅದಕ್ಕೇ ಕೇಳುತ್ತಿಲ್ಲ.

ಶನಿವಾರ ಅವನಿಗೆ ರಜೆ. ಬಾಡ್‌ಹೂವೆಡಾರ್ಪ್‌ಗೆ ಹೋಗುತ್ತೇನೆ. ಅದಕ್ಕೂ ಮೊದಲು ನಿಮಗೇ ಫೋನ್ ಮಾಡಬೇಕೆನಿಸಿದರೆ ಮಾಡಿ, ನನಗಾಗಿ ಕಾಯಬೇಡಿ, ನನ್ನನ್ನು ಉಳಿಸಿ ಮಾತಾಡಬೇಡಿ. ಮಾಡದಿದ್ದರೆ ನಾನೇ ಅವನ ಎದುರು ಕೂತು ಹೇಳುತ್ತೇನೆ: ನಿಮ್ಮಣ್ಣ ನಕ್ಕರು. ನನಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ನಕ್ಕರು. ಕೊನೆಗೆ ಕನ್ನಡಕ ತೆಗೆದು ಅತ್ತರು. ನಾನು ನೋಡಿದ್ದೆ, ನೋಡಿಯೂ ಇಬ್ಬರಿಗೂ ಸುಳ್ಳು ಹೇಳಿದೆ.

ಅದಾದ ಮೇಲೆ ಅವನು ಬಾಗಿಲು ತೆಗೆದು ನಿಂತರೆ, ಎದ್ದು ಹೊರಗೆ ಬರುತ್ತೇನೆ.