ಬಿರುಕಿನ ಪಕ್ಕದ ಹಾಸಿಗೆ

ನನ್ನ ಮಾವನ ಬಲಗೈ ಬೆರಳ ತುದಿಗಳು ನುಣ್ಣಗೆ ಹೊಳೆಯುತ್ತಿದ್ದವು. ಅಂಧೇರಿಯ ಹೋಟೆಲೊಂದರಲ್ಲಿ ದೋಸೆ ಕಾವಲಿಯ ಮುಂದೆ ಆಯುಷ್ಯ ಕಳೆದವರು. ಕಾವಲಿ ಕಾದಿದೆಯೇ ಎಂದು ಬೆರಳಿಂದಲೇ ಮುಟ್ಟಿ ಮುಟ್ಟಿ ಚರ್ಮ ಸತ್ತುಹೋಗಿತ್ತು. ಹಬೆಯಾಡುವ ಕಾಫಿ ಲೋಟವನ್ನು ಬರಿಗೈಯಲ್ಲಿ ಹಿಡಿದು ನನ್ನತ್ತ ಚಾಚುತ್ತಿದ್ದರು. ನಾನು ದುಪಟ್ಟಾದ ಅಂಚು ಹುಡುಕಿದರೆ, "ಮೈಸೂರಿನವರದ್ದು ಬೆಣ್ಣೆ ಕೈ" ಎಂದು ಕುಶಾಲು ಮಾಡುತ್ತಿದ್ದರು.

ಭಾಂಡುಪ್‌ನ ಗುಡ್ಡದ ಬದಿಯ ಚಾಳಿನಲ್ಲಿ ನಮ್ಮದು ಎರಡು ಕೋಣೆಯ ಮನೆ. ನಾನು ತುಂಬು ಬಸುರಿಯಾಗಿದ್ದಾಗ, ಹಿಂದಿನ ಕೋಣೆಯಲ್ಲಿ ನೆಲದಿಂದ ತುಸು ಮೇಲೆದ್ದ ಪಾಯದ ಕಾಂಕ್ರೀಟಿನಲ್ಲಿ ಸಣ್ಣ ಬಿರುಕು ಕಾಣಿಸಿತು. ಮಳೆಗಾಲ ಬಂದೇಬಿಟ್ಟಿತ್ತು. ಗುಡ್ಡದ ಬದಿಯವರಿಗೆ ಮಳೆಯೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ನನ್ನ ಗಂಡ ಬಾಡಿಗೆಯ ಫ್ಲಾಟ್ ಹುಡುಕತೊಡಗಿದರು. ಅತ್ತೆಯ ಚಿಂತೆಯೇ ಬೇರೆ. ಚೌತಿಗೆ ಬಂದವರು ನೋಡಿ ಏನೆಂದುಕೊಂಡಾರು, ಬಣ್ಣ ಬಳಿಸಿ ಮುಚ್ಚಿಬಿಡಿ ಎಂದರು.

ಮಾವ ಎರಡಕ್ಕೂ ಒಪ್ಪದೆ ಮೇಸ್ತ್ರಿಯೊಬ್ಬನನ್ನು ಕರೆಸಿದರು. ಅವನು ಬಿರುಕಿಗೆ ಅಡ್ಡವಾಗಿ ತೆಳುವಾದ ಗಾಜಿನ ಪಟ್ಟಿ ಅಂಟಿಸಿದ. ಪಾಯ ಸರಿಯುತ್ತಿದ್ದರೆ ಗಾಜು ಒಡೆಯುತ್ತದೆ. ಮಳೆಗಾಲ ಮುಗಿದರೂ ಒಡೆಯದಿದ್ದರೆ ಬಿರುಕು ತುಂಬಿಸಿದರೆ ಸಾಕು ಎಂದ.

"ಅಲ್ಲಿವರೆಗೆ ನೀವೆಲ್ಲ ಬಾಗಿಲ ಹತ್ರ, ಮುಂದಿನ ಕೋಣೆಯಲ್ಲಿ ಮಲಗಿ. ಹಿಂದೆ ನಾನಿರ್ತೇನೆ," ಎಂದರು ಮಾವ.

"ನಿಮಗೆ ತಲೆ ಸರಿ ಉಂಟಾ, ಅಪ್ಪ?" ಗಂಡ ರೇಗಿದರು.

"ಗಾಜು ಒಡೆದ್ರೆ ಶಬ್ದ ಯಾರಾದ್ರೂ ಕೇಳ್ಬೇಕಲ್ಲ ಮಾರಾಯ. ನನಗೆ ಹೇಗೂ ನಿದ್ರೆ ಕಡಿಮೆ. ನಾನು ಕೂಗ್ತೇನೆ, ನೀವು ಓಡಿ."

ಬಿರುಕಿನ ಪಕ್ಕದಲ್ಲೇ ಹಾಸಿಗೆ ಹಾಸಿದರು. ಬೆಳಗಾದರೆ ಕಾಫಿಗೂ ಮೊದಲು ನನ್ನನ್ನು ಕರೆಯುತ್ತಿದ್ದರು. "ನನ್ನ ಬೆರಳಿಗೆ ಎಂತದೂ ಗೊತ್ತಾಗುದಿಲ್ಲ ಮಗಾ. ನೀನು ಮುಟ್ಟಿ ನೋಡು." ನಾನು ಏದುಸಿರು ಬಿಡುತ್ತಾ ಮಣೆಯ ಮೇಲೆ ಕುಳಿತು ಗಾಜಿನ ಮೇಲೆ ಬೆರಳಾಡಿಸುತ್ತಿದ್ದೆ. "ಸರಿಯಾಗಿದೆ ಮಾವ" ಎಂದಮೇಲೆಯೇ ಅವರು ಒಲೆ ಹಚ್ಚುತ್ತಿದ್ದುದು.

ಮಗಳು ಜೋರು ಮಳೆಯಲ್ಲೇ ಹುಟ್ಟಿದಳು. ಮಾವನಿಗೆ ಮೊಮ್ಮಗಳೆಂದರೆ ಜೀವ, ಆದರೆ ಅವಳನ್ನು ಒಮ್ಮೆಯೂ ಹಿಂದಿನ ಕೋಣೆಗೆ ಒಯ್ಯಲಿಲ್ಲ. ಎತ್ತಿಕೊಳ್ಳಬೇಕೆನಿಸಿದರೆ ತಾವೇ ಮುಂದೆ ಬರುತ್ತಿದ್ದರು. ಚೌತಿಗೆ ಬಂದವರು ಗಾಜಿನ ಬಗ್ಗೆ ಕೇಳಿದಾಗ, "ಗಣಪತಿಯೂ ಸ್ವಲ್ಪ ನೋಡ್ಲಿ, ನಾನೊಬ್ಬನೇ ಎಷ್ಟು ಕಾಯುದು?" ಎಂದುಬಿಟ್ಟರು. ಅತ್ತೆ ಹಣೆ ಚಚ್ಚಿಕೊಂಡರು.

ದಸರಾ ಕಳೆದು ಮಳೆ ನಿಂತಿತು. ಗಾಜು ಒಡೆದಿರಲಿಲ್ಲ. ಬಿರುಕು ತುಂಬುವ ಕೆಲಸ ತಮ್ಮದೇ ಎಂದು ಮಾವ ಹಟ ಹಿಡಿದರು. ಗಾಜು ಬಿಡಿಸಿ, ಮೇಸ್ತ್ರಿ ಹೇಳಿದಂತೆ ಉಳಿಯಿಂದ ಬಿರುಕನ್ನು ಅಗಲಿಸಿ, ಧೂಳು ತೆಗೆದು, ನೀರು ಚಿಮುಕಿಸಿದ್ದೇನೋ ಸರಿಯೇ. ಆದರೆ ಸಿಮೆಂಟು ಕಲಸುವಾಗ ಕೈ ತನ್ನ ಅಭ್ಯಾಸ ಬಿಡಲಿಲ್ಲ. ದೋಸೆ ಹಿಟ್ಟಿನ ಹದವಾಗಿ, ತುಂಬಿದ್ದೆಲ್ಲ ನೆಲಕ್ಕೆ ಇಳಿಯಿತು.

"ಚಟ್ನಿ ತರ್ಲಾ?" ಅತ್ತೆ ಕೇಳಿದರು.

ಎಲ್ಲರಿಗಿಂತ ಹೆಚ್ಚು ನಕ್ಕವರು ಮಾವನೇ. ಮತ್ತೆ ಗಟ್ಟಿಯಾಗಿ ಕಲಸಿ, ಒತ್ತಿ ತುಂಬಿ, ಒಣಗದಂತೆ ಒದ್ದೆ ಬಟ್ಟೆ ಹೊದಿಸಿ ಕಾದರು. ತೇಪೆ ಕಲ್ಲಿನಂತಾಯಿತು. ಆದರೂ ಹಾಸಿಗೆ ಮಾತ್ರ ಅಲ್ಲಿಂದ ತೆಗೆಯಲಿಲ್ಲ. "ಇನ್ನೊಂದು ಮಳೆ ನೋಡುವ," ಎಂದರು.

ಆ ಮಳೆಯನ್ನು ಅವರು ನೋಡಲಿಲ್ಲ. ಬೇಸಿಗೆಯ ಒಂದು ಬೆಳಿಗ್ಗೆ ಒಲೆ ಹಚ್ಚಿದ ಸದ್ದು ಕೇಳದೆ ಹೋಗಿ ನೋಡಿದೆ. ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು. ಕೈ ಮುಟ್ಟಿದೆ. ಆ ಬೆರಳುಗಳು ತಣ್ಣಗಿದ್ದುದನ್ನು ನಾನು ಕಂಡದ್ದು ಅದೇ ಮೊದಲು.

ಮಳೆ ಶುರುವಾದ ದಿನ ನಾನು ಅವರ ಜಾಗದಲ್ಲಿ ಹಾಸಿಗೆ ಹಾಸಿದೆ. ಗಂಡ ಮಗಳನ್ನು ಮುಂದಿನ ಕೋಣೆಯಲ್ಲಿ ಮಲಗಿಸಿಕೊಂಡರು. ಮಳೆಗಾಲ ಮುಗಿಯುವವರೆಗೆ ಬೆಳಗಾದರೆ ತೇಪೆಯ ಮೇಲೆ ಬೆರಳಾಡಿಸಿ, ಮನಸ್ಸಿನಲ್ಲೇ "ಸರಿಯಾಗಿದೆ ಮಾವ" ಎನ್ನುತ್ತಿದ್ದೆ. ನನ್ನ ಮಗುವಿನ ಪಾಲಿನ ಅಪಾಯವನ್ನು ತಮ್ಮ ಮಗ್ಗುಲಿಗೆ ಹಾಕಿಕೊಂಡು ಮಲಗಿದವರ ಋಣ ಹೇಗೆ ತೀರೀತು, ನನಗೆ ತಿಳಿಯದು.

ಈಗ ಆ ಜಾಗದಲ್ಲಿ ಮಗಳು ಮಲಗುತ್ತಾಳೆ. ನಿದ್ದೆಯಲ್ಲಿ ಹೊರಳಿ ತೇಪೆಗೆ ಒದೆಯುತ್ತಾಳೆ. ಒದೆಯಲಿ ಎಂದು ನಾನು ದೀಪ ಆರಿಸುತ್ತೇನೆ.