ಎಂಬತ್ತೇಳರ ಕೆಳಗಿನ ಸಾಲು

ಬೆಳಿಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಚುನಾವಣಾ ಕಚೇರಿಯ ಹಿಂದಿನ ಅಂಗಳದಲ್ಲಿ ಹೆಂಗಸೊಬ್ಬರು ಮಂಡಿಯೂರಿ ಕೂತು ಹಳೆಯ ಹಾಳೆಗಳನ್ನು ಸಾಲಾಗಿ ಹರಡುತ್ತಿದ್ದಾರೆ. ಗಾಳಿಗೆ ಹಾರದಂತೆ ಒಂದೊಂದು ಹಾಳೆಯ ಮೇಲೂ ಒಂದೊಂದು ನುಣ್ಣನೆಯ ಕಲ್ಲು. ಏಳೂವರೆಯವರೆಗಿನ ಎಳೆಬಿಸಿಲು ಕಾಗದಕ್ಕೆ ಒಳ್ಳೆಯದು, ಆಮೇಲಿನದು ಶಾಯಿಯನ್ನು ತಿಂದುಹಾಕುತ್ತದೆ. ಎಂಟಕ್ಕೆ ಸಿಬ್ಬಂದಿಯ ಸ್ಕೂಟರುಗಳು ಬಂದು ಇದೇ ಜಾಗದಲ್ಲಿ ನಿಲ್ಲುತ್ತವೆ. ಅಷ್ಟರೊಳಗೆ ಹಾಳೆಗಳೆಲ್ಲ ಒಳಗೆ ಸೇರಿರಬೇಕು.

ಹಾಳೆಯಲ್ಲಿ ಎಲ್ಲಾದರೂ ಗುಂಡುಸೂಜಿ ಕಂಡರೆ ಅವರ ಕೈ ತಡೆಯುವುದಿಲ್ಲ. ಸೂಜಿ ಕಿತ್ತು ಡಬ್ಬಿಗೆ ಹಾಕುತ್ತಾರೆ, ಆ ತೂತಿನಲ್ಲೇ ದಾರ ಪೋಣಿಸಿ ಗಂಟು ಹಾಕುತ್ತಾರೆ. ಕಚೇರಿಯಲ್ಲಿ ಅವರ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿದೆ. ಉಳಿದಂತೆ ಅವರು ಎಲ್ಲರಿಗೂ ದಾರದಕ್ಕ. ದಾರ ಬರುವುದು ಅವರ ಯಜಮಾನರ ಟೈಲರ್ ಅಂಗಡಿಯಿಂದ. "ನನ್ನ ನೋಡಿ ಒಪ್ಪಿದ್ಲು ಅಂದ್ಕೊಂಡಿದ್ದೆ. ಇವಳು ಒಪ್ಪಿದ್ದು ನನ್ನ ದಾರದ ಉಂಡೇನ" ಎಂದು ಯಜಮಾನರು ಮೂವತ್ತು ವರ್ಷದಿಂದ ಅದೇ ತಮಾಷೆ ಮಾಡುತ್ತಿದ್ದಾರೆ.

ದಾಖಲೆ ಕೋಣೆಗೆ ಕಿಟಕಿ ಒಂದೇ, ಕಬ್ಬಿಣದ ಕಪಾಟು ಒಂಬತ್ತು. ಈ ಲೋಕಸಭಾ ಕ್ಷೇತ್ರ ಹುಟ್ಟಿದಾಗಿನಿಂದ ನಡೆದ ಹದಿನಾರು ಚುನಾವಣೆಗಳೂ ಬಟ್ಟೆಯ ಗಂಟುಗಳಾಗಿ ಇಲ್ಲಿ ಮಲಗಿವೆ. ಗಂಟುಗಳು ಮುನ್ನೂರ ಹನ್ನೆರಡು. ದಿನಕ್ಕೆ ಮೂರರಂತೆ ಬಿಸಿಲು ಕಾಯಿಸುತ್ತಾರೆ, ಕೊನೆಯದು ಮುಗಿಯುವಷ್ಟರಲ್ಲಿ ಮೊದಲನೆಯದರ ಸರದಿ ಮತ್ತೆ ಬಂದಿರುತ್ತದೆ. ಇದನ್ನೆಲ್ಲ ನೋಡಲೆಂದು ಕಳೆದ ವರ್ಷ ಬಂದವರು ಇಬ್ಬರು. ಅವರಲ್ಲೊಬ್ಬರು ಶೌಚಾಲಯ ಹುಡುಕಿಕೊಂಡು ಬಂದವರು.

ದಾರದಕ್ಕನಿಗೆ ಕ್ಷೇತ್ರದ ಚರಿತ್ರೆ ಬಾಯಿಪಾಠ. ಮೊದಲ ಚುನಾವಣೆಯಲ್ಲಿ ಮೂವರು ನಿಂತಿದ್ದರು, ಫಲಿತಾಂಶವನ್ನು ಕೈಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು. ಎರಡನೆಯದರಲ್ಲಿ ಒಬ್ಬ ಉತ್ಸಾಹಿಗೆ ಸಿಕ್ಕಿದ್ದು ಒಂಬತ್ತು ಮತ. "ಅವರ ಮನೇಲೇ ಹನ್ನೊಂದು ಓಟಿತ್ತಂತೆ. ಇಬ್ಬರು ಯಾರು ಅಂತ ಸಾಯೋವರೆಗೂ ಹುಡುಕಿದ್ರಂತೆ ಪಾಪ" ಎಂದು ನಗುತ್ತಾರೆ. ಒಂಬತ್ತನೆಯ ಚುನಾವಣೆಗೆ ಬಂದಾಗ ಆ ನಗು ಹೋಗಿಬಿಡುತ್ತದೆ.

ಮೂವತ್ತನಾಲ್ಕು ವರ್ಷದ ಹಿಂದಿನ ಮಾತು. ಅವರಿಗಾಗ ಇಪ್ಪತ್ತಾರು, ಎಣಿಕೆಗೆಂದು ತಾತ್ಕಾಲಿಕವಾಗಿ ಸೇರಿದ ಗುಮಾಸ್ತೆ. ಕಣದಲ್ಲಿದ್ದವರಲ್ಲಿ ಒಬ್ಬರು ಶಾಲಾ ಮೇಷ್ಟ್ರು. ಹೊಳೆಯಾಚೆ ಒಂದು ಹಳ್ಳಿ ಇತ್ತು, ದೋಣಿಯಿಲ್ಲದೆ ಅತ್ತ ಹೋಗುವಂತಿರಲಿಲ್ಲ. ಅಲ್ಲಿಗೆ ಸೇತುವೆ ಕಟ್ಟಿಸುತ್ತೇನೆಂದು ಮೇಷ್ಟ್ರು ಮಾತು ಕೊಟ್ಟಿದ್ದರು. ಮತದಾನದ ದಿನ ಆಚೆ ದಡದವರು ಸರದಿಯ ಮೇಲೆ ದೋಣಿ ಹತ್ತಿ ಬಂದು ಈಚೆ ದಡದ ಶಾಲೆಯಲ್ಲಿ ಮತ ಹಾಕಿದರು. ಆ ಶಾಲೆಯ ಮತಗಟ್ಟೆ ಎಂಬತ್ತೇಳು. ಆಚೆಯವರಿಗೆಂದೇ ಕೊನೆಗಳಿಗೆಯಲ್ಲಿ ಪಕ್ಕದ ಕೋಣೆಯಲ್ಲಿ ಇನ್ನೊಂದು ತೆರೆದು ಅದಕ್ಕೆ ಎಂಬತ್ತೇಳು-ಎ ಎಂದು ಹೆಸರಿಟ್ಟರು. ಅಚ್ಚಾಗಿದ್ದ ದೊಡ್ಡ ಪಟ್ಟಿಯಲ್ಲಿ ಅದಕ್ಕೆ ಸಾಲೇ ಇರಲಿಲ್ಲ, ಕೈಯಲ್ಲಿ ಬರೆದು ಸೇರಿಸಬೇಕಿತ್ತು.

ಎಣಿಕೆಯ ಮೇಜುಗಳಿಂದ ಪ್ರತಿ ಮತಗಟ್ಟೆಯ ಚೀಟಿ ಎರಡೆರಡು ಬರುತ್ತಿತ್ತು, ಮೇಲೆ ಅಸಲು, ಕೆಳಗೆ ಕಾರ್ಬನ್ ಪ್ರತಿ, ಎರಡಕ್ಕೂ ಸೇರಿಸಿ ಒಂದು ಗುಂಡುಸೂಜಿ. ಮೇಲಿನದನ್ನು ಪಟ್ಟಿಗೆ ಇಳಿಸಿ ಎರಡನ್ನೂ ಒಟ್ಟಿಗೆ ಮಗುಚಿಡುವುದು ದಾರದಕ್ಕನ ಕೆಲಸ. ನೂರಾರು ಚೀಟಿ ಮಗುಚಿ ಕೈ ತಾನಾಗಿಯೇ ಓಡುತ್ತಿತ್ತು. ಎಂಬತ್ತೇಳರ ಚೀಟಿಯಡಿ ಇದ್ದದ್ದು ಕಾರ್ಬನ್ ಪ್ರತಿಯಲ್ಲ, ಎಂಬತ್ತೇಳು-ಎ ಚೀಟಿ. ಅದನ್ನೂ ಮಗುಚಿಟ್ಟರು.

ಕೊನೆಗೆ ಒಟ್ಟು ಲೆಕ್ಕ ತಾಳೆಯಾಗಲಿಲ್ಲ, ಏಳುನೂರ ಎರಡು ಮತ ಕಡಿಮೆ ಬಂತು. ಹೊರಗೆ ಆಗಲೇ ಪಟಾಕಿ ಶುರುವಾಗಿತ್ತು. ಮೇಲಧಿಕಾರಿ ಗಡಿಯಾರ ನೋಡಿ, ಅಷ್ಟನ್ನೂ ತಿರಸ್ಕೃತ ಮತಗಳ ಸಾಲಿಗೆ ಸೇರಿಸಿ ಕೈ ತೊಳೆದುಕೊಂಡರು. ಮೇಷ್ಟ್ರು ನಾನೂರ ಹದಿನೆಂಟು ಮತಗಳಿಂದ ಸೋತರು.

ಆರು ವರ್ಷದ ಮೇಲೆ ದಾಖಲೆ ಕೋಣೆ ದಾರದಕ್ಕನ ಪಾಲಿಗೆ ಬಂತು. ಒಂಬತ್ತನೆಯ ಚುನಾವಣೆಯ ಗಂಟೊಂದನ್ನು ಮೊದಲ ಸಲ ಬಿಸಿಲಿಗೆ ಹರಡಿದಾಗ ತುಕ್ಕು ಹಿಡಿದ ಸೂಜಿಯೊಂದು ಮುರಿದು ಎರಡು ಚೀಟಿ ಬೇರೆಯಾದವು. "ಕೆಳಗಿನದು ಓದಿದೆ. ಮೇಷ್ಟ್ರಿಗೆ ಆರುನೂರ ನಲವತ್ತೊಂದು, ಗೆದ್ದೋರಿಗೆ ಮೂವತ್ತೆಂಟು, ಉಳಿದ ಇಪ್ಪತ್ತಮೂರು ಅವರಿವರಿಗೆ. ಕೂಡೋದು ಕಳೆಯೋದು ಏನೂ ಬೇಕಾಗಿರಲಿಲ್ಲ, ನೋಡಿದ ಕೂಡಲೇ ಗೊತ್ತಾಯ್ತು" ಎನ್ನುತ್ತಾರೆ. ಆದರೂ ಆ ಚೀಟಿಯ ಆರುನೂರ ಮೂರರ ಮುನ್ನಡೆಯಲ್ಲಿ ಸೋಲಿನ ನಾನೂರ ಹದಿನೆಂಟನ್ನು ಕಳೆದು ನೋಡಿದರು. ಮೇಷ್ಟ್ರು ನೂರ ಎಂಬತ್ತೈದು ಮತಗಳಿಂದ ಗೆದ್ದಿದ್ದರು.

ದಾರದಕ್ಕ ಆಗಿನ ಸಾಹೇಬರ ಬಳಿ ಹೋದರು. ತಕರಾರಿಗೆ ನಲವತ್ತೈದು ದಿನದ ಗಡುವು, ನೀವು ಬಂದಿರುವುದು ಆರು ವರ್ಷಕ್ಕೆ ಎಂದು ಅವರು ಚೀಟಿಯನ್ನು ಮರಳಿ ಕೈಗಿಟ್ಟರು. ದಾರದಕ್ಕ ಮೇಷ್ಟ್ರ ಮನೆಗೆ ಎರಡು ಸಲ ಹೋದರು. ಎರಡು ಸಲವೂ ನೀರು ಕುಡಿದು, ಮಳೆ ಬೆಳೆಯ ಮಾತಾಡಿ, ಹೇಳಬೇಕಾದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ವಾಪಸಾದರು. ಇದಕ್ಕೆ ಹೆದರಿಕೆ ಎನ್ನದೆ ಬೇರೆ ಹೆಸರಿಲ್ಲ. ಅವರೂ ಬೇರೆ ಹೆಸರು ಕೊಡುವುದಿಲ್ಲ.

ಆಮೇಲಿನ ಚರಿತ್ರೆಯನ್ನು ಅವರು ಗಂಟುಗಳಲ್ಲೇ ಓದಿದ್ದಾರೆ. ಎಂಬತ್ತೇಳು-ಎ ಮತಗಟ್ಟೆಯಲ್ಲಿ ಮುಂದಿನ ಚುನಾವಣೆಗೆ ಬಿದ್ದದ್ದು ನಾನೂರ ತೊಂಬತ್ತೆಂಟು ಮತ. ಅದರ ಮುಂದೆ ಇನ್ನೂರ ನಲವತ್ತು, ತೊಂಬತ್ತಾರು, ಮೂವತ್ತೊಂದು. ಹದಿನಾಲ್ಕನೆಯದಕ್ಕೆ ಮತಗಟ್ಟೆಯೇ ರದ್ದಾಯಿತು. ಸೇತುವೆ ಬರಲಿಲ್ಲ. ಒಂದೊಂದೇ ಮನೆ ಬೀಗ ಹಾಕಿಕೊಂಡು ಈಚೆಗೆ ಬಂತು, ಈಗ ಆಚೆ ದಡದಲ್ಲಿ ಒಂದು ಒಲೆಯೂ ಉರಿಯುವುದಿಲ್ಲ.

ಈಗ ಕ್ಷೇತ್ರದ ಸರದಿ. ಮರುವಿಂಗಡಣೆಯ ಹೊಸ ಗಡಿರೇಖೆ ಅದನ್ನು ಮೂರು ಹೋಳು ಮಾಡಿ ನೆರೆಯ ಮೂರು ಕ್ಷೇತ್ರಗಳಿಗೆ ಹಂಚಿದೆ. ಹಳೆಯ ಗಂಟುಗಳನ್ನು ಆ ಮೂರು ಕಚೇರಿಗಳೂ ಮೂಸಿಯೂ ನೋಡಲಿಲ್ಲ. ಸೋಮವಾರ ಲಾರಿ ಬಂದು ಎಲ್ಲವನ್ನೂ ಕಾಗದದ ಗಿರಣಿಗೆ ಒಯ್ಯುತ್ತದೆ. ಅಚ್ಚಾದ ಫಲಿತಾಂಶದ ಪುಸ್ತಕದಲ್ಲಿ ಉಳಿಯುವುದು ಮೇಷ್ಟ್ರ ಸೋಲಿನ ಆ ನಾನೂರ ಹದಿನೆಂಟೇ. ಇನ್ನು ಮೂರು ವಾರಕ್ಕೆ ದಾರದಕ್ಕನ ನಿವೃತ್ತಿ.

ಕಳೆದ ತಿಂಗಳು ಅವರು ಮೂರನೆಯ ಸಲ ಮೇಷ್ಟ್ರ ಮನೆಗೆ ಹೋದರು. ಮೇಷ್ಟ್ರಿಗೀಗ ಎಂಬತ್ತೆರಡು, ಕಣ್ಣು ಮಂಜು, ನೆನಪು ಮಾತ್ರ ಚುರುಕು. ಈ ಸಲ ನೀರು ಮುಟ್ಟದೆ, ಕೂರದೆ, ಬಾಗಿಲಲ್ಲೇ ನಿಂತು ಎಲ್ಲ ಹೇಳಿಬಿಟ್ಟರು.

"ಬೈತಾರೆ ಅಂದ್ಕೊಂಡಿದ್ದೆ. ಬೈದಿದ್ರೆ ಚೆನ್ನಾಗಿತ್ತು. ಹಾಗಾದ್ರೆ ಅವರು ನಂಗೇ ಹಾಕಿದ್ರೇನಮ್ಮ, ಅಂದ್ರು."

ತಮ್ಮ ಲೆಕ್ಕದಲ್ಲಿ ಆ ಮತಗಳು ಕಾಣದೆ, ಆಚೆ ದಡದವರು ಕೈಕೊಟ್ಟರೆಂದು ಮೇಷ್ಟ್ರು ಮೂವತ್ತನಾಲ್ಕು ವರ್ಷ ಆ ಕಡೆ ಕಾಲಿಟ್ಟಿರಲಿಲ್ಲ. ಸೋತ ಮೇಲೆ ನಮ್ಮನ್ನು ಮರೆತರೆಂದು ಆಚೆಯವರೂ ಮೇಷ್ಟ್ರ ಹೆಸರೆತ್ತುವುದನ್ನು ಬಿಟ್ಟಿದ್ದರು. ಈಗ ಹೋಗಿ ತಪ್ಪಾಯಿತು ಎನ್ನೋಣವೆಂದರೆ ಅಲ್ಲಿ ಕೇಳುವವರಿಲ್ಲ.

ಫಲಿತಾಂಶ ಬದಲಾಗದು ಎಂಬುದು ದಾರದಕ್ಕನಿಗೆ ಗೊತ್ತು. ಪಟ್ಟಿಯಲ್ಲಿ ಎಂಬತ್ತೇಳು-ಎ ಸಾಲನ್ನು ಬರೆದು, ಆ ಹಾಳೆಯನ್ನೂ ಚೀಟಿಯನ್ನೂ ಮಾತ್ರ ಉಳಿಸಲು ಅನುಮತಿ ಕೊಡಿ ಎಂದು ಅರ್ಜಿ ಹಾಕಿದರು. ರದ್ದಾದ ಕ್ಷೇತ್ರದ ದಾಖಲೆಯನ್ನು ತಿದ್ದುವ ಅಧಿಕಾರ ಯಾರಿಗೂ ಇಲ್ಲ ಎಂದು ಒಂದೇ ಸಾಲಿನ ಉತ್ತರ ಬಂತು. ಹಾಗಿದ್ದರೆ ಕೇಳದೆ ಬರೆಯಬಹುದಲ್ಲ ಎಂದರೆ ತಲೆ ಅಲ್ಲಾಡಿಸುತ್ತಾರೆ. "ಕದ್ದು ಬರೆದ್ರೆ ಅದು ದಾಖಲೆ ಆಗಲ್ಲ. ಇನ್ನೊಂದು ತಪ್ಪಾಗುತ್ತೆ ಅಷ್ಟೇ."

ನಾನು ಇದನ್ನೆಲ್ಲ ಪತ್ರಿಕೆಯಲ್ಲಿ ಬರೆಯುವುದು, ದಾರದ ಉಂಡೆ ಕೊಡಲು ಅಂಗಳಕ್ಕೆ ಬಂದ ಯಜಮಾನರಿಗೆ ಇಷ್ಟವಿಲ್ಲ. "ಇಷ್ಟು ವರ್ಷ ಬಾಯಿ ಹೊಲ್ಕೊಂಡಿದ್ದೀಯ, ಇನ್ನು ಮೂರು ವಾರ ತಡ್ಕೊಳ್ಳೋಕೆ ಏನು" ಎನ್ನುತ್ತಾರೆ. ದಾರದಕ್ಕ ಅತ್ತ ತಿರುಗದೆ "ಬರೀರಿ" ಎನ್ನುತ್ತಾರೆ.

ಏಳೂವರೆ ಆಗುತ್ತಿದೆ. ಇವತ್ತು ಬಿಸಿಲಿಗೆ ಬಿದ್ದಿರುವುದು ಒಂಬತ್ತನೆಯ ಚುನಾವಣೆಯ ಆ ಗಂಟು. ಗೇಟಿನ ಕಾವಲುಗಾರ ಬಂದು, "ಸೋಮವಾರ ಗಿರಣೀಲಿ ನೀರಿಗೆ ಹಾಕ್ತಾರೆ. ಬಿಸಿಲಿಗ್ಯಾಕೆ ಹಾಕ್ತೀರಕ್ಕ?" ಎಂದು ಕೇಳುತ್ತಾನೆ. ದಾರದಕ್ಕ ದೊಡ್ಡ ಪಟ್ಟಿಯ ಮೇಲಿನ ಕಲ್ಲು ತೆಗೆದು ಎಂಬತ್ತೇಳರ ಸಾಲಿನ ಮೇಲೆ ಬೆರಳಿಡುತ್ತಾರೆ. ಅದರ ಕೆಳಗೆ ಬೆರಳಗಲದ ಖಾಲಿ ಜಾಗ ಇನ್ನೂ ಹಾಗೇ ಇದೆ.

"ಅನುಮತಿ ಒಂದು ಕೊಟ್ರೆ, ಬರೆಯೋಕೆ ಒಂದು ನಿಮಿಷ ಸಾಕು. ಕೆಳಗೆ ನಂದೇ ಸಹಿ ಹಾಕ್ತೀನಿ. ಆಮೇಲೆ ಬೇಕಾದ್ರೆ ಗಿರಣಿಗೇ ತಗೊಂಡು ಹೋಗ್ಲಿ. ಏಳುನೂರ ಎರಡು ಜನ ಅವತ್ತು ದೋಣಿ ಹತ್ತಿ ಬಂದಿದ್ರು ಅಂತ ಒಂದು ದಿನ ಆದ್ರೂ ಇಲ್ಲಿ ಬರೆದಿರಲಿ."