ಡೆಲ್ಮರ್ ಪಾಸಾದ ದಿನ

ಕನ್ಸಾಸ್‌ನ ಆ ಸಣ್ಣ ಕಾಲೇಜಿನಲ್ಲಿ ಬೇಸ್‌ಬಾಲ್ ಹುಡುಗರಿಗೆ ಪಾಠ ಹೇಳಿಕೊಡುತ್ತಿದ್ದವಳು ವರ್ನಾ ಟ್ಯಾಕೆಟ್. ಗಣಿತದಲ್ಲಿ ಫೇಲಾಗಿ ತಂಡದಿಂದ ಹೊರಗುಳಿದಿದ್ದ ಡೆಲ್ಮರ್‌ನನ್ನು ಚಳಿಗಾಲವಿಡೀ ಕೂರಿಸಿಕೊಂಡು ತಿದ್ದಿದ್ದಳು. ಫಲಿತಾಂಶದ ಬೆಳಿಗ್ಗೆ ಕಾಲೇಜಿನ ಅಧ್ಯಕ್ಷರು ಅವಳನ್ನು ಕರೆಸಿ, ನಮ್ಮ ಕೈ ಬರಿದಾಗಿದೆ, ತಂಡವನ್ನು ಮುಚ್ಚುತ್ತೇವೆ, ಕೋಚಿಗೂ ನಿಮಗೂ ಇನ್ನು ಕೆಲಸವಿಲ್ಲ ಎಂದರು. ಅವಳು ಮೆಟ್ಟಿಲಿಳಿಯುವಾಗ ಡೆಲ್ಮರ್ ಏದುಸಿರು ಬಿಡುತ್ತ ಓಡಿಬಂದ.

“ಮೇಡಂ, ಪಾಸಾದೆ! ನೀವು ಬೈದಿದ್ದೆಲ್ಲ ದಂಡ ಆಗ್ಲಿಲ್ಲ. ಇನ್ನು ಆಡ್ಬೋದಲ್ವಾ?”

ಬೇರೆಯವರ ಬಾಯಿಂದ ಕೇಳುವುದು ಬೇಡವೆಂದು ಅವಳೇ ಹೇಳಿಬಿಟ್ಟಳು. “ತಂಡಾನೇ ಮುಚ್ಚಿಬಿಟ್ರು ಕಣೋ.”

“ಸುಮ್ನಿರಿ ಮೇಡಂ, ಇವತ್ತೂ ಗೋಳು ಹುಯ್ಕೋತೀರಾ?” ಎಂದು ನಕ್ಕವನು ಅವಳ ಕಣ್ಣು ನೋಡಿ ಮೆಟ್ಟಿಲ ಮೇಲೆ ಕುಸಿದು ಅಳತೊಡಗಿದ. “ಹಂಗಾದ್ರೆ ನಾನ್ಯಾಕೆ ಓದಿದೆ?”

ಓದು ಯಾರನ್ನೂ ಕೈಬಿಡೋಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದ ವರ್ನಾ ಅವನ ಪಕ್ಕ ಕೂತು ತಾನೂ ಅತ್ತಳು. ವಾರದೊಳಗೆ ಡೆಲ್ಮರ್ ಕಾಲೇಜು ಬಿಟ್ಟು ಅಪ್ಪನ ಗ್ಯಾರೇಜು ಸೇರಿದ.